ನಮ್ಮ ಮನೆಯ ಹ್ಯುಮಿಲಿಟಿ

ನನಗೆ ಇಂಗ್ಲಿಷು ಬರುವುದಿಲ್ಲ. ವಿನಯಕ್ಕಾಗಿ ಹೀಗೆ ಹೇಳುತ್ತಿದ್ದಾಳೆ ಎಂದು ಯಾರೂ ತಿಳಿಯಬಾರದು, ನಿಜವಾಗಿಯೂ ಬರುವುದಿಲ್ಲ. ಇಂಗ್ಲಿಷ್ ಮಾಸ್ತರರ ಹೆಂಡತಿಯಾಗಿ ಇಂಗ್ಲಿಷು ಬರುವುದಿಲ್ಲವೇ ಎಂದು ಕೇಳಿದವರಿಗೆಲ್ಲ, ಕುಂಬಾರನ ಮನೆಯಲ್ಲೂ ಒಡಕು ಗಡಿಗೆಯಲ್ಲೇ ನೀರು ಕಾಯಿಸುತ್ತಾರೆ ಎಂದು ಹೇಳಿ ಬಾಯಿ ಮುಚ್ಚಿಸಿದ್ದೇನೆ. ಆದರೆ ಒಂದೇ ಒಂದು ಶಬ್ದದ ಮಟ್ಟಿಗೆ ನಾನು ಯಾವ ಬಿ.ಎ. ಪಾಸಾದವರಿಗೂ ಸೋಲುವವಳಲ್ಲ. ಆ ಶಬ್ದ ಹ್ಯುಮಿಲಿಟಿ. ಬೇರೆಯವರು ಅದನ್ನು ಪುಸ್ತಕದಲ್ಲಿ ಓದಿ ಕಲಿತಿರಬಹುದು. ನಾನು ಅದರ ಜೊತೆಗೆ ಸಂಸಾರ ಮಾಡಿದವಳು. ಅದಕ್ಕೆ ರೊಟ್ಟಿ ಬಡಿದು ಹಾಕಿದ್ದೇನೆ, ಅದರ ಧೋತರ ಒಗೆದಿದ್ದೇನೆ, ಅದರ ಮೇಲೆ ಸಿಟ್ಟು ಮಾಡಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೇನೆ. ಇಷ್ಟೆಲ್ಲ ಮಾಡಿದ ಮೇಲೂ ಅದರ ಅರ್ಥ ಗೊತ್ತಿಲ್ಲ ಎಂದರೆ ಕೇಳುವವರು ನಕ್ಕಾರು.

ಯುದ್ಧ ನಡೆದಿದ್ದ ಕಾಲ. ನಾವು ವಿಜಾಪುರದ ಜೋರಾಪುರ ಪೇಟೆಯಲ್ಲಿದ್ದೆವು. ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರರು. ಸಂಜೆಯಾದರೆ ಮ್ಯಾಟ್ರಿಕ್ ಹುಡುಗರು ನಮ್ಮ ಪಡಸಾಲೆಯಲ್ಲಿ ಬಂದು ಕೂಡುತ್ತಿದ್ದರು. ಪಾಠ ಎಲ್ಲಿಂದಲೇ ಸುರುವಾಗಲಿ, ತಿರುಗಿ ತಿರುಗಿ ಹ್ಯುಮಿಲಿಟಿಗೇ ಬಂದು ನಿಲ್ಲುತ್ತಿತ್ತು. "ನೋಡ್ರಲೇ, ಹ್ಯುಮಿಲಿಟಿ ಅಂದ್ರ ತಾನಾಗಿ ಬಗ್ಗೂದು. ಹ್ಯುಮಿಲಿಯೇಶನ್ ಅಂದ್ರ ಮಂದಿ ಹಿಡದು ಬಗ್ಗಸೂದು. ಮಾಡೆಸ್ಟಿ ಅಂದ್ರ ತನ್ನ ಹೆಚ್ಚಳ ತಾ ಹೇಳ್ಕೊಳ್ಳದ ಇರೂದು. ಮೂರೂ ಕಲಿಸಿ ಅಂಬಲಿ ಕಾಸಬ್ಯಾಡ್ರಿ" ಎನ್ನುತ್ತಿದ್ದರು. ನಾನು ಒಳಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಾ ಮೂರನ್ನೂ ಕಲಿತೆ. ಹುಡುಗರು ಮರೆಯುತ್ತಿದ್ದರು, ನಾನು ಮರೆಯುತ್ತಿರಲಿಲ್ಲ.

ಆ ಶಬ್ದದ ಬೇರು ಲ್ಯಾಟಿನ್ ಭಾಷೆಯಲ್ಲಿ ಮಣ್ಣು ಎಂಬ ಶಬ್ದದಲ್ಲಿದೆಯಂತೆ. ಒಮ್ಮೆ ಇಟ್ಟಂಗಿಹಾಳದಿಂದ ನಮ್ಮಪ್ಪ ಬಂದಾಗ ಇವರು ಬಹಳ ಭಕ್ತಿಯಿಂದ ಇದನ್ನು ವಿವರಿಸಿದರು. ಮಣ್ಣು ಎಲ್ಲರ ಕಾಲ ಕೆಳಗೆ ಇರುತ್ತದೆ, ಆದರೂ ಎಲ್ಲರಿಗೂ ಅನ್ನ ಕೊಡುತ್ತದೆ ಎಂದರು. ನಮ್ಮಪ್ಪ ಹುಟ್ಟಾ ಒಕ್ಕಲಿಗ. ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಸ್ವಲ್ಪ ಹೊತ್ತು ವಿಚಾರ ಮಾಡಿದ. "ಆ ಲ್ಯಾಟಿನ್ ಸೀಮ್ಯಾಗ ಎಂಥಾ ಮಣ್ಣ ಐತೋ ನನಗ ಗೊತ್ತಿಲ್ರಿ ಅಳಿಯಾರ. ನಮ್ಮ ಎರಿ ಮಣ್ಣಿಗೆ ಮಾತ್ರ ವಿನಯ ಅನ್ನೂದು ಇಲ್ಲ ನೋಡ್ರಿ. ಮಳ್ಯಾಗ ಕಾಲ ಹಿಡದ್ರ ಬಿಡೂದಿಲ್ಲ, ಬ್ಯಾಸಗ್ಯಾಗ ಬಿರದ್ರ ಕರದ ಕಾಲ ನುಂಗತೈತಿ. ಸೊಕ್ಕ ಐತಿ ಅಂತನ ಅದರಾಗ ಅಂಥಾ ಬಿಳಿಜ್ವಾಳ ಬೆಳೀತೈತಿ" ಎಂದ. ನಾನು ಒಳಗೆ ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕೆ.

ಅವರ ಹ್ಯುಮಿಲಿಟಿ ಅವರ ಮೈಗಷ್ಟೇ ಇದ್ದಿದ್ದರೆ ನನ್ನದೇನೂ ತಕರಾರು ಇರಲಿಲ್ಲ. ಆದರೆ ಅವರ ಲೆಕ್ಕದಲ್ಲಿ "ನನ್ನದು" ಎನ್ನುವುದನ್ನೆಲ್ಲ ನಾಲ್ಕು ಮಂದಿಯ ಮುಂದೆ ಇಳಿಸಿ ಮಾತಾಡಬೇಕು. ಮನೆ ಚೆನ್ನಾಗಿದೆ ಎಂದರೆ "ಏನ್ ಮನಿ ರಿ, ತಲಿ ಮ್ಯಾಲ ಒಂದ ನೆರಳು" ಎನ್ನುವರು. ಚಹಾ ಚೆನ್ನಾಗಿದೆ ಎಂದರೆ "ಏನ್ ಛಲೋ ರಿ, ಬಿಸಿನೀರು" ಎನ್ನುವರು. ಆ ಚಹಾ ಮಾಡಿದವಳು ನಾನು! ರೇಶನ್ನಿನ ದಿನಗಳಲ್ಲಿ ಸಕ್ಕರೆ ಸಿಗದೆ, ಬೆಲ್ಲ ಹಾಕಿ, ಹಾಲು ಒಡೆಯದಂತೆ ಜೀವ ಕೈಯಲ್ಲಿ ಹಿಡಿದುಕೊಂಡು ಮಾಡಿದ ಚಹಾ! ಹೀಗೆ "ನನ್ನದು" ಎನ್ನುವುದರಲ್ಲಿ ಮನೆ, ಚಹಾಗಳ ಜೊತೆಗೆ ನಾನೂ ಸೇರಿದ್ದೆ. ಗಂಡ ತಾನಾಗಿ ಬಗ್ಗುವಾಗ ಹೆಂಡತಿಯ ಕುತ್ತಿಗೆಯನ್ನೂ ಹಿಡಿದು ಬಗ್ಗಿಸಿದರೆ ಅದಕ್ಕೆ ಹ್ಯುಮಿಲಿಟಿ ಎನ್ನಬೇಕೋ ಹ್ಯುಮಿಲಿಯೇಶನ್ ಎನ್ನಬೇಕೋ, ಆ ಪಾಠ ಮಾತ್ರ ನಮ್ಮ ಪಡಸಾಲೆಯಲ್ಲಿ ಯಾವತ್ತೂ ನಡೆಯಲಿಲ್ಲ.

ಈ ರೋಗ ಅವರಿಗೆ ತಾಯಿಯಿಂದ ಬಂದದ್ದಲ್ಲ. ನಮ್ಮ ಅತ್ತೆ ಟಿಕೋಟಾದವರು; ಅವರಿಗೆ ತಮ್ಮದೆಲ್ಲವೂ ಜಗತ್ತಿನಲ್ಲೇ ಹೆಚ್ಚಿನದು. ಟಿಕೋಟಾದಿಂದ ತಂದ ಕಸಬರಿಗೆಯನ್ನು ಕೂಡ "ಇಂಥಾ ಕಸಬರಗಿ ನಿಮ್ಮ ವಿಜಾಪುರದಾಗ ಹುಡುಕಿದ್ರೂ ಸಿಗೂದಿಲ್ಲ" ಎಂದು ನೆರೆಯವರಿಗೆ ತೋರಿಸುತ್ತಿದ್ದರು. ಇಂಥ ತಾಯಿಗೆ ಇಂಥ ಮಗ. ಒಮ್ಮೆ ಸಾಲೆಯ ಸೂಟಿಯಲ್ಲಿ ಟಿಕೋಟಾಕ್ಕೆ ಹೋದಾಗ, ಹೊಲ ಮಾಡಿಕೊಂಡಿದ್ದ ನಮ್ಮ ಭಾವನವರು ಎತ್ತುಗಳನ್ನು ಮಾರಲು ತೆಗೆದಿದ್ದರು. ಅವರು ಹೊಲಕ್ಕೆ ಹೋದ ವೇಳೆಗೇ ಕೊಳ್ಳುವವನು ಬಂದ. ಪಡಸಾಲೆಯಲ್ಲಿ ಇವರು ಕೂತಿದ್ದರು. "ಎತ್ತ ಭಾಳ ಛಲೋ ಅದಾವಲ್ರಿ" ಎಂದನಂತೆ ಅವನು. "ಏನ್ ಛಲೋ ರಿ, ಏನೋ ನಾಕ ಹೆಜ್ಜಿ ನಡೀತಾವ ಅಷ್ಟ" ಎಂದರಂತೆ ಇವರು. ಆ ಮನುಷ್ಯ ಹಿಂದೆ ತಿರುಗಿ ನೋಡದೆ ಹೋದ. ಭಾವನವರು ಬಂದು ಕೇಳಿ, ಹಣೆ ಬಡಿದುಕೊಂಡು, "ತಮ್ಮಾ, ನಿನ್ನ ಇಂಗ್ಲಿಷ್ ನೀ ಹೊತ್ಕೊಂಡ ತಿರಗು. ನನ್ನ ಎತ್ತಿನ ಹೆಗಲಿಗೆ ಹಚ್ಚಬ್ಯಾಡ" ಎಂದರು. ಎತ್ತಿನ ಪರವಾಗಿ ಮಾತಾಡಲು ಭಾವನವರಾದರೂ ಇದ್ದರು. ನನ್ನ ಪರವಾಗಿ ಯಾರಿದ್ದರು?

ಈಗ ನನ್ನ ವಿಷಯ. ನಾನು ಮುಲ್ಕಿ ಪಾಸಾದವಳು. ಆಗಿನ ಕಾಲಕ್ಕೆ ಕನ್ನಡ ಏಳನೇ ಇಯತ್ತೆಯ ಆ ಪರೀಕ್ಷೆ ಪಾಸಾದರೆ ಸಾಲೆಯಲ್ಲಿ ಕಲಿಸಬಹುದಾಗಿತ್ತು. ಒಕ್ಕಲಿಗರ ಮನೆಯ ಹೆಣ್ಣುಮಗಳು ಅಷ್ಟು ಕಲಿತದ್ದಕ್ಕೆ ಊರೆಲ್ಲ ನಮ್ಮಪ್ಪನಿಗೆ ನಕ್ಕಿತ್ತು. ಮದುವೆಯಾದ ಮೇಲೆ ಆ ಕಲಿತದ್ದೆಲ್ಲ ಹಿಟ್ಟಿನ ಡಬ್ಬಿಯ ಹಿಂದೆ ಬಿದ್ದಂತೆ ಆಗಿತ್ತು. ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಪೇಟೆಯ ಕೆಲವು ಹುಡುಗಿಯರು ಪಾಟಿ ಹಿಡಿದುಕೊಂಡು ನಮ್ಮ ಹಿತ್ತಲಿಗೆ ಬರುತ್ತಿದ್ದರು. ನಾನು ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಕಲಿಸುತ್ತಿದ್ದೆ. ಒಂದು ಹುಡುಗಿ ಮೊದಲ ಸಲ ತನ್ನ ಹೆಸರು ತಾನೇ ಬರೆದು, ಅದನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದು ನಾನೇನ್ರಿ?" ಎಂದು ಕೇಳಿದಾಗ ನನಗೆ ಆದ ಸಂತೋಷ ಯಾವ ಸೀರೆ ಉಟ್ಟರೂ ಆಗಿರಲಿಲ್ಲ. ಇಂಥ ಹುಡುಗಿಯರ ಒಂದು ಸಾಲೆ ನನ್ನದಾಗಬೇಕು ಎಂದು ಆಗಿನಿಂದ ನನ್ನ ಮನಸ್ಸಿನಲ್ಲಿತ್ತು. ಯಾರ ಮುಂದೆ ಹೇಳುವುದು? ಬೇಕು ಎಂದು ಬಾಯಿಬಿಟ್ಟು ಕೇಳುವುದು ಹೆಣ್ಣುಮಕ್ಕಳಿಗೆ ಒಪ್ಪುವುದಿಲ್ಲ ಎಂದು ನಾನೂ ಹಾಲಿನ ಜೊತೆಗೇ ಕುಡಿದು ಬೆಳೆದವಳು.

ಹಾಗಿರುವಾಗ ಒಂದು ದಿನ ಬಬಲೇಶ್ವರದಿಂದ ಇಬ್ಬರು ಹಿರಿಯರು ಮನೆಗೆ ಬಂದರು. ಒಬ್ಬರು ಅರಿವೆ ಅಂಗಡಿಯ ಸಂಗಪ್ಪಣ್ಣ, ಮಾತಿನವರು. ಇನ್ನೊಬ್ಬರು ಈರಪ್ಪಜ್ಜ, ತಲೆ ಅಲ್ಲಾಡಿಸುವವರು. "ನಮ್ಮೂರಾಗ ಹೆಣಮಕ್ಕಳ ಸಾಲಿ ತೆಗ್ಯಾಕತ್ತೇವ್ರಿ ಮಾಸ್ತರ. ಗಂಡ ಮಾಸ್ತರನ್ನ ಇಟ್ರ ಮಂದಿ ಹುಡಿಗ್ಯಾರ್ನ ಕಳಸೂದಿಲ್ಲ. ನಿಮ್ಮ ಮನ್ಯಾಗ ಮುಲ್ಕಿ ಪಾಸ ಆದವರು ಅದಾರಂತ ಕೇಳಿ ಬಂದೇವಿ. ಕಳಿಸಿಕೊಟ್ರ ಊರಿಗೆ ಉಪಕಾರ ಆಗತೈತಿ" ಎಂದರು ಸಂಗಪ್ಪಣ್ಣ. ನಾನು ಅತ್ತೆ ಇಬ್ಬರೂ ಬಾಗಿಲ ಮರೆಯಲ್ಲಿದ್ದೆವು. ಅತ್ತೆ ನನ್ನ ತೋಳು ಚಿವುಟಿ, "ಹೋಗೂಣಂತ. ನಿನ್ನ ಸಂಗಾಟ ನಾ ಬರ್ತೇನಿ. ಇಂವಾ ಶನಿವಾರಕ್ಕೊಮ್ಮಿ ಬಸ್ಸಿಗೆ ಬಂದ್ರ ಆತು" ಎಂದು ಕಿವಿಯಲ್ಲಿ ಹೇಳಿದರು. ನನ್ನ ಸಂಸಾರದ ತೊಡಕೆಲ್ಲ ಆ ಒಂದು ಚಿವುಟಿನಲ್ಲಿ ಬಗೆಹರಿದಿತ್ತು.

ಹೊರಗೆ ನಮ್ಮ ಮನೆಯವರು ಗಂಟಲು ಸರಿಪಡಿಸಿಕೊಂಡರು. "ಅಯ್ಯ, ನಮ್ಮ ಮನ್ಯಾಗಿನಾಕಿಗೆ ಏನ್ ಬರ್ತೈತ್ರಿ? ಏನೋ ಮುಲ್ಕಿ ಪಾಸ ಆಗ್ಯಾಳ, ನಾಕ ಅಕ್ಷರ ಬರ್ತಾವ. ಸಾಲಿ ಕಲಸೂವಷ್ಟ ಎಲ್ಲೀದು?"

ನೀವು ಅವಸರ ಮಾಡಿ ಅವರನ್ನು ಬೈಯಬೇಡಿ. ನಮ್ಮ ಸೀಮೆಯ ರೀತಿಯೇ ಹಾಗೆ. ಕೇಳಲು ಬಂದವರು ಕೇಳಬೇಕು, ಮನೆಯವರು ಇಲ್ಲವೆನ್ನಬೇಕು. ಬಂದವರು "ಹಂಗ ಅನಬ್ಯಾಡ್ರಿ" ಎಂದು ಮತ್ತೆ ಕೇಳಬೇಕು, ಮನೆಯವರು ಮತ್ತಷ್ಟು ಮೆತ್ತಗೆ ಇಲ್ಲವೆನ್ನಬೇಕು. ಮೂರನೆಯ ಸಲಕ್ಕೆ "ನೀವು ಇಷ್ಟ ಹೇಳಾಕತ್ತೀರಿ ಅಂದ ಮ್ಯಾಲ" ಎಂದು ಒಪ್ಪಬೇಕು. ಹೆಣ್ಣು ಕೇಳುವುದೂ ಹೀಗೆಯೇ, ಬಿತ್ತಲು ಕೂರಿಗೆ ಕೇಳುವುದೂ ಹೀಗೆಯೇ. ಇವರು ಮೊದಲನೆಯ ಇಲ್ಲವನ್ನು ಹೇಳಿ ಎರಡನೆಯ ಕೇಳಿಕೆಗೆ ಕಾಯುತ್ತಾ ಕೂತರು. ಆದರೆ ಬಂದವರಿಗೂ ಹ್ಯುಮಿಲಿಟಿ ಇತ್ತಲ್ಲ! ಸಂಗಪ್ಪಣ್ಣ ಕೈ ಮುಗಿದು, "ನೀವು ಇಂಗ್ಲಿಷ್ ಕಲಸೂವಂಥಾ ದೊಡ್ಡವರು. ನಾವು ಹಳ್ಳಿ ಮಂದಿ, ನಿಮ್ಮ ಮಾತಿಗೆ ಎದರಾಡೂದಂದ್ರ ಹೆಂಗ್ರಿ? ಆತ್ರಿ ಹಂಗಾರ" ಎಂದು ಎದ್ದರು. ಈರಪ್ಪಜ್ಜ ತಲೆ ಅಲ್ಲಾಡಿಸಿದರು. ಇಬ್ಬರೂ ಮೆಟ್ಟು ಮೆಟ್ಟಿಕೊಂಡು ಹೋದರು. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಅವರು ಓಣಿಯ ತಿರುವು ದಾಟುವವರೆಗೂ ನೋಡಿದರು. ಆಮೇಲೆ ಒಳಗೆ ಬಂದು, "ಇನ್ನೊಮ್ಮೆ ಕೇಳ್ತಾರಂತ ಮಾಡಿದ್ದೆ" ಎಂದರು, ಸಣ್ಣ ದನಿಯಲ್ಲಿ.

ನಾನು ಮಾತಾಡಲಿಲ್ಲ. ಮಾತಾಡಿದ್ದರೆ ಅಳುತ್ತಿದ್ದೆ, ಅತ್ತರೆ ಸಿಟ್ಟು ಇಳಿದುಬಿಡುತ್ತಿತ್ತು. ಸಿಟ್ಟು ನನಗೆ ಬೇಕಾಗಿತ್ತು. ಅತ್ತೆ ನನ್ನ ಪಾಲಿನ ಬೈಗಳನ್ನೂ ಸೇರಿಸಿ ಮಗನಿಗೆ ಬೈದರು. ನಾನು ಬೇರೆಯೇ ದಾರಿ ಹಿಡಿದೆ.

ನಮ್ಮ ಕಡೆ ಊಟಕ್ಕೆ ಕೂತವರು ಸಾಕು ಎಂದರೆ ಸಾಕು ಎಂದು ಅರ್ಥವಲ್ಲ. ಬಡಿಸುವವರು ಒತ್ತಾಯ ಮಾಡಲಿ ಎಂದು ಅರ್ಥ. ನಮ್ಮ ಮನೆಯವರು ಎರಡನೆಯ ರೊಟ್ಟಿಗೇ ಸಾಕು ಎನ್ನುತ್ತಿದ್ದರು, ನಾನು ಒತ್ತಾಯ ಮಾಡಿ ನಾಲ್ಕು ತಿನ್ನಿಸುತ್ತಿದ್ದೆ. ಅಂದು "ಇನ್ನೊಂದ ರೊಟ್ಟಿ?" ಎಂದೆ. ರೂಢಿಯಂತೆ "ಸಾಕು" ಎಂದರು. ನಾನು ರೊಟ್ಟಿಯ ಬುಟ್ಟಿ ಮುಚ್ಚಿಟ್ಟು ಕೈ ತೊಳೆದುಕೊಂಡೆ. ಅವರು ಬುಟ್ಟಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ತಾಯಿಯ ಕಡೆ ನೋಡಿದರು. ಅತ್ತೆ, "ಸಾಕಂದ ಮ್ಯಾಲ ಸಾಕ ಬಿಡವಾ. ದೊಡ್ಡವರ ಮಾತಿಗೆ ಎದರಾಡಬಾರದು" ಎಂದರು. ಮರುದಿನವೂ ಹಾಗೆಯೇ. ಅದರ ಮರುದಿನವೂ ಹಾಗೆಯೇ. ಪಾಠ ಹೇಳುವಾಗ ಅವರ ದನಿ ಇಳಿಯತೊಡಗಿತು. ಹ್ಯುಮಿಲಿಟಿ ಎಂಬ ಶಬ್ದ ಪಡಸಾಲೆಯಲ್ಲಿ ಕೇಳಿಬರುವುದು ಕಡಿಮೆಯಾಯಿತು.

ಶನಿವಾರ ಊಟದಲ್ಲಿ ನಾನು ಎಂದಿನಂತೆ ಕೇಳಿದೆ. ಅವರು ತಾಟಿನ ಕಡೆ ನೋಡುತ್ತಾ, "ಬೇಕು" ಎಂದರು. "ಇನ್ನೊಂದ ಬೇಕು. ಹಸದೀನಿ."

ಮದುವೆಯಾದಾಗಿನಿಂದ ಅವರು ಬಾಯಿಬಿಟ್ಟು ಒಂದನ್ನು ಬೇಕೆಂದು ಕೇಳಿದ್ದು ಅದೇ ಮೊದಲು. ಎರಡು ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟೆ. ಇಟ್ಟು, ತಡೆಯಲಾರದೆ ಹೇಳಿಬಿಟ್ಟೆ: "ನಿಮಗ ಒಂದ ರೊಟ್ಟಿ ಬೇಕಾಗಿತ್ತು. ನನಗ ಒಂದ ಸಾಲಿ ಬೇಕಾಗಿತ್ತು." ಅವರ ಕೈಯಲ್ಲಿನ ತುತ್ತು ಹಾಗೇ ನಿಂತಿತು. ನನಗೆ ಅದು ಅಷ್ಟು ಬೇಕಾಗಿತ್ತು ಎಂದು ಇಷ್ಟು ದಿನ ಅವರಿಗೆ ತಿಳಿದೇ ಇರಲಿಲ್ಲ. ನಾನೂ ಹೇಳಿರಲಿಲ್ಲವಲ್ಲ. ತುತ್ತನ್ನು ತಾಟಿಗೆ ಇಳಿಸಿ, "ನಾಳೆ ಐತವಾರ. ಬಬಲೇಶ್ವರಕ್ಕ ಹೋಗಿ ಬರ್ತೇನಿ. ಬಾಯಿ ತುಂಬ ಹೇಳಿ ಬರ್ತೇನಿ" ಎಂದರು.

ಹೋದರು. ಪೆಟ್ರೋಲು ಸಿಗದ ಆ ದಿನಗಳಲ್ಲಿ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದವು. ಸಂಜೆ ಮುಖವೆಲ್ಲ ಮಸಿಯಾಗಿ ತಿರುಗಿ ಬಂದರು. "ಹೇಳಿದ್ರೇನು?" ಎಂದೆ. "ಹೇಳೀನಿ" ಎಂದರು. "ಏನಂತ ಹೇಳೀರಿ?" "ಹೇಳೀನಿ ಅಂದ್ನೆಲ್ಲ" ಎಂದು ಮುಖ ತೊಳೆಯಲು ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲೇ ಇಲ್ಲ. ಈ ಮನುಷ್ಯ ಅಲ್ಲಿಗೂ ಹೋಗಿ ನನ್ನನ್ನು ಎತ್ತಿನಂತೆ ನಾಲ್ಕು ಹೆಜ್ಜೆ ನಡೆಸಿ ಬಂದಿರಬೇಕು ಎಂದುಕೊಂಡೆ.

ಮುಂದಿನ ಐತವಾರ ಬಾಗಿಲಲ್ಲಿ ಚಕ್ಕಡಿ ನಿಂತಿತು. ಇಳಿದವರು ಸಂಗಪ್ಪಣ್ಣ, ಈರಪ್ಪಜ್ಜ, ಅವರ ಹಿಂದೆ ನಮ್ಮಪ್ಪ! ನಮ್ಮಪ್ಪ ಮೀಸೆಯಲ್ಲೇ ನಗುತ್ತಿದ್ದ. ಸಂಗಪ್ಪಣ್ಣ ಮಾತ್ರ ನಮ್ಮ ಬಾಗಿಲನ್ನು, ಗೋಡೆಯನ್ನು, ನಮ್ಮ ಮನೆಯವರ ಮುಖವನ್ನು ಒಂದಾದ ಮೇಲೊಂದು ನೋಡಿ, "ಅಲ್ರಿ ಮಾಸ್ತರ, ಇದು ನಿಮ್ಮ ಮನಿ ಅಲ್ಲೇನು?" ಎಂದರು. ನಮ್ಮ ಮನೆಯವರು ಕೈಯಲ್ಲಿದ್ದ ಪೇಪರು ಮುಖದ ಮಟ್ಟಕ್ಕೆ ಏರಿಸಿದರು.

ಆಮೇಲೆ ಎಲ್ಲ ಹೊರಗೆ ಬಿತ್ತು. ಇವರು ಬಬಲೇಶ್ವರಕ್ಕೆ ಹೋಗಿದ್ದು ನಿಜ, ಬಾಯಿ ತುಂಬ ಹೊಗಳಿದ್ದೂ ನಿಜ. ಆದರೆ ಹೆಂಡತಿ ಎಂದು ಹೊಗಳಲು ನಾಲಿಗೆ ಏಳಲಿಲ್ಲ. ಹೆಂಡತಿಯ ಹೆಸರು ಹೇಳುವ ರೂಢಿಯಂತೂ ಮೊದಲೇ ಇಲ್ಲ. ಅದಕ್ಕೆ ಅವರು ಹುಡುಕಿದ ಉಪಾಯ ನೋಡಿ. "ನಿಮ್ಮ ಸಾಲಿಗೆ ಒಬ್ಬಾಕಿ ಅದಾಳ್ರಿ. ಇಟ್ಟಂಗಿಹಾಳದ ಗುರುಪಾದಪ್ಪನವರ ಮಗಳು. ಆಕಿ ಕಲಿಸಿದ್ರ ಕಲ್ಲಿಗೂ ಅಕ್ಷರ ಬರ್ತಾವು. ಆಕಿ ಗ್ವಾಡಿ ಮ್ಯಾಲ ಬರದದ್ದನ್ನ ನಾನೂ ಹಿತ್ತಲಿಗೆ ಹ್ವಾದಾಗೆಲ್ಲಾ ನಿಂತು ಓದ್ತೇನಿ" ಎಂದಿದ್ದರಂತೆ. ಮಗಳು ಎಂದ ಮೇಲೆ ಅವಳು ನಮ್ಮಪ್ಪನ ಸೊತ್ತು. ಬೇಕಾದಷ್ಟು ಹೊಗಳಬಹುದು, ಹ್ಯುಮಿಲಿಟಿಗೆ ಭಂಗವಿಲ್ಲ! ಸಂಗಪ್ಪಣ್ಣ ನಗುವನ್ನು ತಡೆಯುತ್ತಾ ಮುಂದಿನದನ್ನೂ ಹೇಳಿದರು. "ಮದಿವಿ ಆಗೇತೇನ್ರಿ, ಗಂಡ ಎಂಥಾಂವ ಅಂತ ಕೇಳಿದ್ವಿ. ಇವರು ಅಂದ್ರು, ಗಂಡಂದು ಹೇಳೂವಂಥಾದ್ದು ಏನಿಲ್ರಿ, ಸಾದಾ ಮನಷ್ಯಾ, ಸ್ವಲ್ಪ ಮಬ್ಬ ಅಂದ್ರು. ಕಳಸ್ತಾನೋ ಇಲ್ಲೋ ಅಂದ್ವಿ. ಕಳಸ್ತಾನ್ರಿ, ಅಂವಗ ಈಗ ಬುದ್ಧಿ ಬಂದೈತಿ ಅಂದ್ರು!" ಆ ಮಾತು ನಂಬಿ ಅವರು ಟಿಕೋಟಾದ ಮೇಲಿಂದ ಅಥಣಿ ರಸ್ತೆ ಹಿಡಿದು ಇಟ್ಟಂಗಿಹಾಳಕ್ಕೆ ಹೋಗಿ ನಮ್ಮಪ್ಪನನ್ನು ಹುಡುಕಿದ್ದರು. ನಮ್ಮಪ್ಪ, "ಮಗಳು ನನ್ನಾಕೀನ ಖರೇ. ಬರ್ರಿ, ಆ ಮಬ್ಬ ಗಂಡನ್ನೂ ತೋರಸ್ತೇನಿ" ಎಂದು ತಾನೇ ಚಕ್ಕಡಿ ಹತ್ತಿದ್ದ.

ಅತ್ತೆ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿತ್ತಲಿನ ಗೋಡೆಯ ಮುಂದೆ ಅವರು ನಿಂತಿರುವುದನ್ನು ನಾನು ನೋಡಿದ್ದೆ. ಇದ್ದಿಲಿನಿಂದ ಗೋಡೆ ಹೊಲಸಾಯಿತು ಎಂದು ನೋಡುತ್ತಾರೆ ಎಂದುಕೊಂಡು, ಅವರು ಬರುವ ಮೊದಲೇ ಅಳಿಸಲು ಓಡುತ್ತಿದ್ದೆ. ಅವರು ಓದುತ್ತಿದ್ದರು!

ಅಷ್ಟರಲ್ಲಿ ಸಂಗಪ್ಪಣ್ಣ ಬಾಗಿಲ ಕಡೆ ತಿರುಗಿದರು. "ತಂಗೀ, ಹೊರಗ ಬಾರವಾ. ಅವರಿವರ ಮಾತ ಕೇಳಿ ನಾವು ಊರೂರು ತಿರಗಿದ್ದು ಸಾಕಾತು. ನಿನ್ನ ಬಾಯ್ಲೆ ಹೇಳು. ನಿನಗ ಸಾಲಿ ಕಲಸಾಕ ಬರ್ತೈತೇನು?"

ಈ ಪ್ರಶ್ನೆಗೆ ನಾನು ಎಷ್ಟು ರೊಟ್ಟಿ ಬಡಿಯುತ್ತಾ ಉತ್ತರ ಕಲಿತಿದ್ದೆ! ಬರ್ತೈತಿ, ಬರ್ತೈತಿ ಎಂದೇ ಕೈ ತಟ್ಟಿದ್ದೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನಾನು ಬಾಯಿ ತೆಗೆದೆ. "ನನಗೇನ್ ಬರ್ತೈತ್ರೀ ಯಪ್ಪಾ" ಎಂದಿತು ಆ ಬಾಯಿ, "ಏನೋ ನಾಕ ಅಕ್ಷರ..."

ನಾಲಿಗೆ ಕಡಿದುಕೊಳ್ಳುವುದರೊಳಗೆ ಮಾತು ಆಡಿಹೋಗಿತ್ತು. ಸಂಗಪ್ಪಣ್ಣ ಈರಪ್ಪಜ್ಜನ ಮುಖ ನೋಡಿದರು. ಈರಪ್ಪಜ್ಜ ತಲೆ ಅಲ್ಲಾಡಿಸಿ ಪಕ್ಕದಲ್ಲಿಟ್ಟಿದ್ದ ರುಮಾಲಿಗೆ ಕೈ ಹಾಕಿದರು. ನನ್ನ ಸಾಲೆ ಎರಡನೆಯ ಸಲ ಎದ್ದು ಮೆಟ್ಟು ಮೆಟ್ಟಿ ಹೊರಟಿತ್ತು, ಈ ಸಲ ಕಳಿಸಿದವಳು ನಾನೇ.

"ಬರ್ತೈತ್ರಿ!"

ನಮ್ಮ ಮನೆಯವರು ಎದ್ದು ನಿಂತಿದ್ದರು. ಪೇಪರು ಕೆಳಗೆ ಬಿದ್ದಿತ್ತು. ಕಿವಿಗಳು ಕೆಂಪಾಗಿದ್ದವು. "ಕೂಡ್ರಿ, ಏಳಬ್ಯಾಡ್ರಿ. ಆಕಿ ಮಾತ ಕೇಳಬ್ಯಾಡ್ರಿ. ಆಕಿಗೆ ಬರ್ತೈತಿ. ಭಾಳ ಛಲೋ ಬರ್ತೈತಿ. ನನ್ನಕಿಂತಾ ಛಲೋ ಕಲಸ್ತಾಳ. ಆಕಿ ನನ್ನ ಹೆಂಡ್ತಿ ಅದಾಳ್ರಿ!"

ಇಷ್ಟು ಹೇಳಿ ಮ್ಯಾಟ್ರಿಕ್ ಹುಡುಗನ ಹಾಗೆ ತಲೆ ತಗ್ಗಿಸಿ ಕೂತರು. ನಾನು ನಿಲ್ಲಲಾರದೆ ಒಳಗೆ ಓಡಿದೆ. ಒಲೆಯ ಮೇಲೆ ಚಹಾಕ್ಕೆ ನೀರಿಟ್ಟೆ, ಕಣ್ಣೀರು ಸುರಿಯುತ್ತಲೇ ಇತ್ತು. ಅಷ್ಟು ಸಂತೋಷ ನನಗೆ ಅಲ್ಲಿಯವರೆಗೆ ಆಗಿರಲಿಲ್ಲ. ಹೊರಗೆ ಅತ್ತೆ, ಬಬಲೇಶ್ವರದಲ್ಲಿ ನಮಗೆ ಕೊಡುವ ಮನೆಗೆ ಬಾವಿ ಹತ್ತಿರವಿರಬೇಕು ಎಂದು ಆಗಲೇ ಮಾತು ಸುರು ಮಾಡಿದ್ದರು.

ಚಹಾ ಕೊಟ್ಟೆ. ಸಂಗಪ್ಪಣ್ಣ ಒಂದು ಗುಟುಕು ಕುಡಿದು, ಸ್ವಲ್ಪ ತಡೆದು, "ಚಹಾ ಭಾಳ ಛಲೋ ಆಗೇತ್ರಿ ಅಕ್ಕೋರ" ಎಂದರು. ಅಕ್ಕೋರು! ನಮ್ಮ ಕಡೆ ಸಾಲೆ ಕಲಿಸುವ ಹೆಣ್ಣುಮಗಳಿಗೆ ಹಾಗೆನ್ನುತ್ತಾರೆ. "ಏನ್ ಛಲೋ ರಿ" ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಅಲ್ಲೇ ನುಂಗಿದೆ. ಈ ಹಾಳು ವಿನಯ ಇವತ್ತಿಗೆ ಸಾಕು ಎಂದುಕೊಂಡು, ಬೆನ್ನು ನೆಟ್ಟಗೆ ಮಾಡಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಹೌದ್ರಿ. ನನ್ನ ಕೈಯಾನ ಚಹಾ ಯಾವಾಗ್ಲೂ ಛಲೋನ ಆಗತೈತಿ." ನಮ್ಮಪ್ಪ ಕೆಮ್ಮಿದ. ಅತ್ತೆ ಜಂತಿಯ ಕಡೆ ನೋಡಿದರು. ನಮ್ಮ ಮನೆಯವರು ಮಾತ್ರ ಕಪ್ಪು ಮುಂದೆ ಹಿಡಿದು, "ನನಗ ಇನ್ನರ್ಧಾ ಕಪ್ ಬೇಕು" ಎಂದರು.

ಬಂದವರು ಚಕ್ಕಡಿ ಹತ್ತಿ ಹೋದ ಮೇಲೆ ನಾನು ಒಲೆಯ ಮುಂದೆ ಕೂತು, ಉಳಿದ ಚಹಾ ಬಸಿದುಕೊಂಡು ಬಾಯಿಗಿಟ್ಟೆ. ಶಿವ ಶಿವಾ! ಕುಟ್ಟಿಟ್ಟಿದ್ದ ಬೆಲ್ಲ ಒಲೆಯ ಪಕ್ಕದಲ್ಲಿ ಹಾಗೆಯೇ ಕೂತಿತ್ತು. ಹೊರಗೆ ಓಡಿದೆ. ನಮ್ಮ ಮನೆಯವರು ತಮ್ಮ ಅರ್ಧ ಕಪ್ಪಿನ ಕೊನೆಯ ಗುಟುಕನ್ನು ಕುಡಿಯುತ್ತಿದ್ದರು.

"ಬೆಲ್ಲನ ಹಾಕಿಲ್ರೀ! ಒಬ್ಬರರೆ ಹೇಳಬಾರದಾ?" ಎಂದೆ.

ಅವರು ಕಪ್ಪು ಕೆಳಗಿಟ್ಟು ಕೈ ಮುಗಿದರು. "ನೀವು ಛಲೋ ಆಗೇತಿ ಅಂದ್ರೆಲ್ಲ. ಕಲಿತವರು, ದೊಡ್ಡವರು. ನಿಮ್ಮ ಮಾತಿಗೆ ಎದರಾಡೂದಂದ್ರ ಹೆಂಗ್ರಿ, ಅಕ್ಕೋರ?"